ಪರ್ಮಾಕಲ್ಚರ್ ಕೋರ್ಸು ನಮ್ಮ ಗುಡ್ಡೆಯಲ್ಲೂ ಆಗ್ಲಿ, ಅದೂ ಮಳೆಗಾಲದಲ್ಲಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಓದುಗರ ಪತ್ರದಲ್ಲಿ ಒಬ್ರು ಹಿರಿಯರು, ಈ ಪರ್ಮಾಕಲ್ಚರ್ (ಪ್ರಕೃತಿಯ ಕ್ರಮ ನೋಡಿ ಮನೆ, ತೋಟ, ನೀರು ಎಲ್ಲ ಒಟ್ಟಿಗೆ ಯೋಜನೆ ಮಾಡುವ ಕೃಷಿ ರೀತಿ) ಅಂದ್ರೆ ದುಡ್ಡಿದ್ದವರ ಶೋಕಿ, ನಮ್ಮ ಅಜ್ಜಂದಿರು ಮಾಡ್ತಾ ಇದ್ದದ್ದಕ್ಕೇ ಇಂಗ್ಲಿಷ್ ಹೆಸರು ಇಟ್ಟು ಫೀಸು ವಸೂಲಿ ಮಾಡ್ತಾರೆ ಅಂತ ಬರ್ದಿದ್ರು. ಓದಿ ನಗು ಬಂತು ಮಾರಾಯ್ರೆ, ಯಾಕಂದ್ರೆ 2023ರ ಫೆಬ್ರವರಿಯಲ್ಲಿ ನಾನು ಅದರ ಕೋರ್ಸಿಗೆ ಹೋಗ್ಲಿಕ್ಕೆ ಬ್ಯಾಗು ತುಂಬಿಸುವಾಗ ನಮ್ಮ ಅತ್ತೆ ಹೇಳಿದ್ದು ಸಹ ಇದೇ, ತೋಟ ಮಾಡುದು ಕಲೀಲಿಕ್ಕೆ ತೆಲಂಗಾಣಕ್ಕೆ ಹೋಗ್ಬೇಕಾ, ಹಿಂದಿನ ಬಾಗಿಲು ತೆಗೆದ್ರೆ ತೋಟ ಇಲ್ವಾ ಅಂತ. ಆ ಹಿರಿಯರ ಮಾತಲ್ಲಿ ಅರ್ಧ ಸತ್ಯ ಉಂಟು. ಉಳಿದ ಅರ್ಧಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗ್ತದೆ, ಕತ್ತರಿ ಹಾಕುದಾದ್ರೆ ನನ್ನ ಗುಡ್ಡೆ ಜರಿದ ಕಥೆಗೆ ಮಾತ್ರ ಹಾಕ್ಬೇಡಿ.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ, ಎರಡು ಎಕ್ರೆ ಅಡಿಕೆ, ನಡುನಡುವೆ ತೆಂಗು, ಕಾಳುಮೆಣಸು, ಬಾಳೆ, ಮೇಲೆ ಗುಡ್ಡೆಯಲ್ಲಿ ನಾಲ್ಕು ಗೇರು ಮರ. ಮದುವೆಯಾಗಿ ಈ ಮನೆಗೆ ಬಂದು 22 ವರ್ಷ ಆಯ್ತು. ಫೆಬ್ರವರಿ ಅಂದ್ರೆ ನಿಮಗೆ ಗೊತ್ತುಂಟಲ್ಲ, ಅಡಿಕೆ ಕೊಯ್ಲು, ಅಂಗಳ ಇಡೀ ಅಡಿಕೆ, ಆ ಟೈಮಲ್ಲಿ ಮನೆಯ ಹೆಂಗಸು 12 ದಿನ ಊರು ಬಿಟ್ಟು ಹೋಗುದು ಅಂದ್ರೆ ಸಣ್ಣ ವಿಷಯ ಅಲ್ಲ. ಫೀಸು, ರೈಲು ಎಲ್ಲ ಸೇರಿ ಅರ್ಧ ಕ್ವಿಂಟಾಲಿಗಿಂತ ಜಾಸ್ತಿ ಚಾಲಿ ಅಡಿಕೆಯ ದುಡ್ಡು ಆಯ್ತು. ನಮ್ಮವರು ಎಂತದೂ ಹೇಳ್ಲಿಲ್ಲ, ಹೇಳದೇ ಇದ್ದದ್ದೇ ಜಾಸ್ತಿ ಕೇಳಿಸ್ತಿತ್ತು.

ಕೋರ್ಸಿನ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಪರ್ಮನೆಂಟ್, ಅಗ್ರಿಕಲ್ಚರ್ ಎರಡು ಶಬ್ದ ಸೇರಿ ಪರ್ಮಾಕಲ್ಚರ್ ಆದದ್ದು, ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತೆ ಡೇವಿಡ್ ಹೋಮ್‌ಗ್ರೆನ್ ಅಂತ ಇಬ್ರು ಸೇರಿ ಶುರು ಮಾಡಿದ್ದು, ಅವರ ಮೊದಲ ಪುಸ್ತಕ ಬಂದದ್ದು 1978ರಲ್ಲಿ. ಮಾಲಿಸನ್ 80ರ ದಶಕದಲ್ಲಿ ಭಾರತಕ್ಕೂ ಬಂದು ಕಲಿಸಿ ಹೋಗಿದ್ರು, 2017ರಲ್ಲಿ ಪ್ರಪಂಚದ ಪರ್ಮಾಕಲ್ಚರಿನವರೆಲ್ಲ ಹೈದರಾಬಾದಲ್ಲಿ ಸೇರಿದ್ರು. ಡಿಸೈನ್ ಸರ್ಟಿಫಿಕೇಟ್ ಕೋರ್ಸ್ ಅಂದ್ರೆ ಎಲ್ಲ ಕಡೆ ಕಡಿಮೆ ಅಂದ್ರೂ 72 ಗಂಟೆ ಪಾಠ, ಸಾಮಾನ್ಯ ಎರಡು ವಾರದ ಒಳಗೆ ಅಲ್ಲೇ ಉಳ್ಕೊಂಡು ಮುಗಿಸುವಂಥದ್ದು, ಕೊನೆಗೆ ಒಂದು ಜಾಗಕ್ಕೆ ಪೂರ್ತಿ ಡಿಸೈನ್ ಮಾಡಿ ಎಲ್ಲರ ಎದುರು ನಿಂತು ವಿವರಿಸ್ಬೇಕು. ಭೂಮಿ ನೋಡ್ಕೊಳ್ಳಿ, ಜನರನ್ನ ನೋಡ್ಕೊಳ್ಳಿ, ಹೆಚ್ಚಾದದ್ದನ್ನ ಹಂಚಿ ಅಂತ ಮೂರು ತತ್ವ ಮೊದಲ ದಿನವೇ ಬೋರ್ಡಲ್ಲಿ ಬರೀತಾರೆ, ಅದರಲ್ಲಿ ನಂಗೆ ಹೊಸತು ಕಾಣ್ಲಿಲ್ಲ.

ಮೊದಲ ದಿನ ಎಲ್ಲರೂ ಸುತ್ತ ಕೂತು ಯಾಕೆ ಬಂದದ್ದು ಅಂತ ಹೇಳ್ಬೇಕಿತ್ತು. ಜಾಸ್ತಿ ಜನ ಬೆಂಗಳೂರು, ಹೈದರಾಬಾದಿನ ಸಾಫ್ಟ್‌ವೇರಿನವರು, ವಿಷ ಇಲ್ಲದ ಊಟ ಬೇಕು ಅಂತ ಬಂದದ್ದು. ನನ್ನ ಸರದಿ ಬಂದಾಗ ನಾನು ನಮ್ಮ ಪಂಚಾಯತಿನ ಹೆಸರು, ಎಣ್ಮಕಜೆ ಅಂತ ಹೇಳಿದೆ, ಯಾರಿಗೂ ಗೊತ್ತಾಗ್ಲಿಲ್ಲ, ಕಾಸರಗೋಡು, ಎಂಡೋಸಲ್ಫಾನ್ ಅಂದೆ, ಆ ಕೀಟನಾಶಕ ವಿಷವನ್ನ ಗೇರು ತೋಟಕ್ಕೆ 20 ವರ್ಷಕ್ಕಿಂತ ಜಾಸ್ತಿ ಹೆಲಿಕಾಪ್ಟರಲ್ಲಿ ಬಿಟ್ರು, 2000ದಲ್ಲಿ ನಿಂತದ್ದು ಅಂತ ಹೇಳಿದೆ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ವಿಷ ಬೇಡ ಅಂತ ನಮ್ಮ ಊರಿನವರಿಗೆ ಯಾರೂ ಪಾಠ ಮಾಡುದು ಬೇಡ. ನಾನು ಹೋದದ್ದು ನೀರಿಗೆ. ಏಪ್ರಿಲಿಗೆ ಬಾವಿ ತಳ ಕಾಣ್ತದೆ, ಬೋರು ತೆಗೆದವರದ್ದು ಸಹ ಬತ್ತುದು ನೋಡಿದ್ದೇವೆ, ಜೂನಲ್ಲಿ ಅಂಗಳಕ್ಕೇ ಹೊಳೆ ಬರ್ತದೆ. ಇದು ಎಂತ ಲೆಕ್ಕ ಅಂತ ಕಲೀಲಿಕ್ಕೆ ಹೋದದ್ದು.

ಆ ಲೆಕ್ಕ ನಾಲ್ಕನೇ ದಿನ ಸಿಕ್ಕಿತು. ಅಲ್ಲಿಯ ಮಾಸ್ಟ್ರು ಎಲ್ಲರಿಗೂ ಅವರವರ ಊರಿನ ಮಳೆ ಬರೀಲಿಕ್ಕೆ ಹೇಳಿದ್ರು. ಅವರ ಜಾಗದಲ್ಲಿ ವರ್ಷಕ್ಕೆ 800-900 ಮಿಲಿಮೀಟರ್. ನಾನು ಕಾಸರಗೋಡಿಗೆ ಸುಮಾರು 3500 ಅಂತ ಬರ್ದೆ, ಅವರು ಒಂದು ಸೊನ್ನೆ ಜಾಸ್ತಿ ಬಿದ್ದಿರ್ಬೇಕು ಅಂತ ಗ್ರಹಿಸಿ ಬಂದು ಕೇಳಿದ್ರು! ಒಂದು ಎಕ್ರೆ ಅಂದ್ರೆ 4047 ಚದರ ಮೀಟರ್, ಅದರ ಮೇಲೆ ಮೂರೂವರೆ ಮೀಟರ್ ನೀರು ಅಂದ್ರೆ 1 ಕೋಟಿ 40 ಲಕ್ಷ ಲೀಟರ್. ನಮ್ಮ ಎರಡು ಎಕ್ರೆಗೆ 2 ಕೋಟಿ 80 ಲಕ್ಷ. ಮನೆಯ ಮಾಡು 100 ಚದರ ಮೀಟರ್ ಇದ್ರೆ ಅದರಿಂದ ಮಾತ್ರ ಮೂರೂವರೆ ಲಕ್ಷ. ಅಷ್ಟು ನೀರು ಆಕಾಶದಿಂದ ಸುಮ್ಮನೆ ಬಿದ್ದು ಹೋದ ಮೇಲೆ ನಾನು ಮಾರ್ಚಲ್ಲಿ ಪಂಪಿನ ಎದುರು ಕೂತು ಕರೆಂಟು ಯಾವಾಗ ಬರ್ತದೆ ಅಂತ ಕಾಯುದು. ಆ ದಿನ ರಾತ್ರಿ ನಿದ್ರೆ ಬರ್ಲಿಲ್ಲ ಅಂದ್ರೆ ನಂಬಿ.

ಕೈಯಲ್ಲಿ ಮಾಡಿ ಕಲಿತದ್ದು ಹೇಳ್ತೇನೆ. ಎ-ಫ್ರೇಮ್ ಅಂತ ಉಂಟು, ಮೂರು ಕೋಲು ಇಂಗ್ಲಿಷಿನ ಎ ಅಕ್ಷರದ ಹಾಗೆ ಕಟ್ಟುದು, ಮೇಲಿನ ತುದಿಯಿಂದ ದಾರದಲ್ಲಿ ಒಂದು ಕಲ್ಲು ನೇತು ಹಾಕುದು, ಎರಡು ಕಾಲು ನೆಲದಲ್ಲಿ ಊರಿ ಅಡ್ಡಕೋಲಲ್ಲಿ ದಾರ ಮುಟ್ಟುವಲ್ಲಿ ಒಂದು ಗುರ್ತು, ಮತ್ತೆ ಕಾಲು ಅದಲು ಬದಲು ಮಾಡಿ ಅದೇ ಜಾಗದಲ್ಲಿ ಊರಿ ಇನ್ನೊಂದು ಗುರ್ತು, ಎರಡರ ಸರೀ ಮಧ್ಯಕ್ಕೆ ದಾರ ಬಂದ್ರೆ ಎರಡೂ ಕಾಲು ಒಂದೇ ಮಟ್ಟದಲ್ಲಿ ಉಂಟು ಅಂತ ಅರ್ಥ. ಹಾಗೇ ಒಂದೊಂದು ಹೆಜ್ಜೆ ಇಟ್ಕೊಂಡು ಗೂಟ ಹೊಡ್ಕೊಂಡು ಹೋದ್ರೆ ಗುಡ್ಡೆಯ ಸಮಮಟ್ಟದ ಗೆರೆ ಸಿಗ್ತದೆ. ಹತ್ತು ರೂಪಾಯಿ ಖರ್ಚಿಲ್ಲ. ನನ್ನ ಗೆರೆ ನೋಡಿ ನಂಗೇ ಆಶ್ಚರ್ಯ ಆಯ್ತು, ನೇರ ಹೋಗ್ತದೆ ಅಂತ ಗ್ರಹಿಸಿದ್ದು ಹಾವಿನ ಹಾಗೆ ತಿರುಗಿ ತಿರುಗಿ ಹೋಗಿತ್ತು, ಕಣ್ಣು ಹೇಳಿದ ಮಟ್ಟಕ್ಕೂ ದಾರ ಹೇಳಿದ ಮಟ್ಟಕ್ಕೂ ಒಂದು ಕಡೆ ಒಂದೂವರೆ ಅಡಿ ವ್ಯತ್ಯಾಸ.

ಮಣ್ಣಿನ ಬಾಟ್ಲಿ ಪರೀಕ್ಷೆ ಇನ್ನೂ ಸುಲಭ, ಬಾಟ್ಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚೆನ್ನಾಗಿ ಕುಲುಕಿ ಇಟ್ರೆ ಹೊಯ್ಗೆ ಕೂಡ್ಲೇ ಅಡಿಗೆ ಕೂರ್ತದೆ, ನಯ ಮಣ್ಣು ಕೆಲವು ಗಂಟೆಯಲ್ಲಿ, ಜೇಡಿ ಕೂರ್ಲಿಕ್ಕೆ ಒಂದು ದಿನ, ಕೆಲವು ಸಲ ಅದಕ್ಕಿಂತ ಜಾಸ್ತಿ. ಮನೆಗೆ ಬಂದು ತೋಟದ ಐದು ಕಡೆಯ ಮಣ್ಣು ಹಾರ್ಲಿಕ್ಸ್ ಬಾಟ್ಲಿಗೆ ಹಾಕಿ ಅಡಿಗೆ ಮನೆ ಕಿಟಕಿಯಲ್ಲಿ ಇಟ್ಟಿದ್ದೆ, ಅತ್ತೆ ಅದು ಎಂತ ಕಷಾಯ ಅಂತ ಕೇಳಿದ್ರು.

ಕಾಂಪೋಸ್ಟ್ ಬಗ್ಗೆ ಒಂದು ತಮಾಷೆ. 18 ದಿನದ ಬಿಸಿ ಕಾಂಪೋಸ್ಟ್ ಅಂತ ಕಲಿಸ್ತಾರೆ, ಉದ್ದ ಅಗಲ ಎತ್ತರ ಒಂದೊಂದು ಮೀಟರಿಗೆ ಕಡಿಮೆ ಇಲ್ಲದ ರಾಶಿ, ಒಣಗಿದ್ದು ಮತ್ತೆ ಹಸಿಯದ್ದು ಸೇರಿಸಿ ಕಾರ್ಬನ್ 25-30 ಪಾಲಿಗೆ ನೈಟ್ರೋಜನ್ 1 ಪಾಲು ಬರುವ ಲೆಕ್ಕದಲ್ಲಿ, ನಾಲ್ಕು ದಿನ ಮುಟ್ಟದೆ ಬಿಟ್ಟು ಮತ್ತೆ ಎರಡು ದಿನಕ್ಕೊಮ್ಮೆ ಮಗುಚಿ ಹಾಕುದು. ಒಳಗೆ ಕೈ ಹಾಕಿದ್ರೆ ಸುಡ್ತದೆ, 55 ಡಿಗ್ರಿ ದಾಟಿತ್ತು. ಎಲ್ಲ ಸರಿ, ಆದ್ರೆ ಕೋರ್ಸು 12 ದಿನ, ಕಾಂಪೋಸ್ಟು 18 ದಿನ! ಗೊಬ್ಬರ ಆದದ್ದನ್ನ ನಾವು ಯಾರೂ ನೋಡ್ಲಿಲ್ಲ, ಫೋಟೋ ಆಮೇಲೆ ಬಂತು. ಆಗ ನಗಾಡಿದ್ದು, ಮತ್ತೆ ಗೊತ್ತಾಯ್ತು ಈ ಕೋರ್ಸಿನ ದೊಡ್ಡ ಕೊರತೆಯೇ ಇದು, ಮಾಡಿದ್ದು ಎಂತ ಆಯ್ತು ಅಂತ ನೋಡುವ ಮೊದಲು ಸರ್ಟಿಫಿಕೇಟ್ ಕೈಗೆ ಬರ್ತದೆ.

ಹಿರಿಯರು ಹೇಳಿದ ಅರ್ಧ ಸತ್ಯಕ್ಕೆ ಬರ್ತೇನೆ. ಝೋನ್ ಅಂತ ಒಂದು ಪಾಠ, ಮನೆ ಸೊನ್ನೆ, ದಿನಾ ನಾಲ್ಕು ಸಲ ಹೋಗುವ ಜಾಗ ಒಂದು, ಹಾಗೇ ದೂರ ಹೋಗ್ತಾ ಐದನೆಯದ್ದು ಯಾರೂ ಕೈ ಹಾಕದ ಕಾಡು. ನಾನು ನಮ್ಮ ಮನೆ, ಬಾವಿಕಟ್ಟೆ, ಹಟ್ಟಿ, ತರಕಾರಿ ಹಿತ್ತಿಲು, ತೋಟ, ಸೊಪ್ಪಿನ ಗುಡ್ಡೆ, ಅದರಾಚೆ ನಾಗಬನ ಅಂತ ಬರ್ದು ತೋರಿಸಿದೆ, ಮಾಸ್ಟ್ರಿಗೆ ಖುಷಿಯೋ ಖುಷಿ, ಕಟ್ಟಿಗೆಗೂ ಕತ್ತಿ ಹಾಕದ ಬನ ಮನೆಮನೆಗೆ ಉಂಟಾ ಅಂತ. ಬಚ್ಚಲ ನೀರಿಗೆ ಗುಂಡಿ ಮಾಡಿ ಸುತ್ತ ಬಾಳೆ ನೆಡುದಕ್ಕೆ ಬನಾನಾ ಸರ್ಕಲ್ ಅಂತ ಹೆಸರು, ನಮ್ಮಲ್ಲಿ ಬಚ್ಚಲ ಹಿಂದೆ ಬಾಳೆ, ಕೆಸು ಇಲ್ಲದ ಮನೆ ಯಾವುದು ಹೇಳಿ. ಸೆಕ್ಟರ್ ಅಂತ ಬಿಸಿಲು, ಗಾಳಿ, ಬೆಂಕಿ ಯಾವ ದಿಕ್ಕಿಂದ ಬರ್ತದೆ ನೋಡುದು. ನಮ್ಮ ಮಾವ ಅಡಿಕೆ ಸಾಲು ಸರೀ ಉತ್ತರ ದಕ್ಷಿಣ ಹಾಕದೆ ಪಶ್ಚಿಮಕ್ಕೆ ವಾಲಿಸಿ ನೆಟ್ಟಿದ್ರು, ದಕ್ಷಿಣ, ಪಶ್ಚಿಮದ ಬದಿಗೆ ಹಲಸು, ಮಾವು, ಎಳೆ ಮರಗಳಿಗೆ ಮಡಲು ಕಟ್ಟಿ ಬಿಸಿಲು ಮರೆ. ಕೃಷಿ ಪುಸ್ತಕದಲ್ಲಿ 35 ಡಿಗ್ರಿ ಪಶ್ಚಿಮಕ್ಕೆ ಅಂತ ಉಂಟು, ಯಾಕಂದ್ರೆ ಮಳೆ ಬಿಟ್ಟ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲ್ತಾನೆ, ಮಧ್ಯಾಹ್ನ ಮೇಲಿನ ಬಿಸಿಲು ಕಾಂಡಕ್ಕೆ ಹೊಡೆದ್ರೆ ಮರ ಸೀಳ್ತದೆ. ಮಾವನವರು ಆ ಪುಸ್ತಕ ಓದಿದವರಲ್ಲ.

ಹಾಗಾದ್ರೆ ನಂಗೆ ಸಿಕ್ಕಿದ್ದು ಎಂತ? ಮಾವ ಮಾಡಿದ್ರು, ಯಾಕೆ ಅಂತ ಹೇಳ್ಲಿಲ್ಲ, ನಾವು ಕೇಳ್ಲೂ ಇಲ್ಲ. 2019ರಲ್ಲಿ ಪಶ್ಚಿಮದ ಬದಿಯ ಎರಡು ಹಲಸಿನ ಮರ ನೆರಳು ಜಾಸ್ತಿ ಅಂತ ಕಡಿಸಿದ್ದು ನಾವೇ, ಮತ್ತೆ ಆ ಸಾಲಿನ ಅಡಿಕೆ ಮರ ಕಾದು ಸೀಳಿದಾಗ ರೋಗ ಅಂತ ಮದ್ದು ಹುಡುಕಿದ್ದೂ ನಾವೇ. ಕೋರ್ಸಿನಲ್ಲಿ ಟ್ರೇಸಿಂಗ್ ಶೀಟ್ ಕೊಟ್ಟು ನಿಮ್ಮ ಜಾಗದ ಮ್ಯಾಪು ಬರೀರಿ, ನೀರು ಎಲ್ಲಿಂದ ಒಳಗೆ ಬರ್ತದೆ ಎಲ್ಲಿಂದ ಹೊರಗೆ ಹೋಗ್ತದೆ ಬಾಣ ಹಾಕಿ ಅಂದಾಗ ನನ್ನ ಪೆನ್ಸಿಲು ಬಾವಿಯ ಹತ್ತಿರ ನಿಂತೇ ಹೋಯ್ತು. ಅಷ್ಟು ವರ್ಷ ಅದೇ ಬಾವಿಯ ನೀರು ಸೇದಿದ್ದೇನೆ, ಅದಕ್ಕೆ ನೀರು ಯಾವ ಬದಿಯಿಂದ ಬರ್ತದೆ ಅಂತ ಗೊತ್ತಿರ್ಲಿಲ್ಲ. ಮನೆಗೆ ಫೋನ್ ಮಾಡಿ ಕೇಳಿದೆ, ನಮ್ಮವರಿಗೂ ಗೊತ್ತಿಲ್ಲ. ಅತ್ತೆ ಹಿಂದಿಂದ, ಮೇಲಿನ ಮದಕ (ಮಳೆನೀರು ನಿಲ್ಲುವ ಹಳೇ ಕೆರೆ) ಮುಚ್ಚಿದ ಮೇಲೆ ಅಲ್ವಾ ಬಾವಿ ಬೇಗ ಬತ್ತುದು ಅಂತ ಹೇಳಿದ್ದು ಕೇಳಿಸ್ತು. ನಮ್ಮ ಗುಡ್ಡೆ ನೆತ್ತಿಯಲ್ಲಿ ಮದಕ ಇತ್ತು ಅಂತಲೇ ನಂಗೆ ಗೊತ್ತಿಲ್ಲ! ಈಗ ಅಲ್ಲಿ ರಬ್ಬರ್.

ಈಗ ಗುಡ್ಡೆ ಜರಿದ ಕಥೆ. ಕೋರ್ಸು ಮುಗಿಸಿ ಬಂದವಳಿಗೆ ಭಾರೀ ಉಮೇದು. ಅಲ್ಲಿ ಸ್ವೇಲ್ ಅಂತ ತೋರಿಸಿದ್ರು, ಸಮಮಟ್ಟದ ಗೆರೆಯಲ್ಲಿ ಅಡ್ಡ ಕಣಿ ತೆಗೆದು ಮಣ್ಣು ಕೆಳಬದಿಗೆ ದಿಂಡು ಹಾಕುದು, ನೀರು ಓಡದೆ ನಿಂತು ಇಂಗ್ತದೆ, ಒಣ ಸೀಮೆಗೆ ಅದು ದೇವರ ಹಾಗೆ. ನಾನು ಏಪ್ರಿಲಲ್ಲಿ ತೋಟದ ಮೇಲಿನ ಗುಡ್ಡೆಯಲ್ಲಿ ಇಬ್ರು ಆಳು ಹಿಡಿದು 60 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಅಡಿ ಆಳದ ಕಣಿ ತೆಗೆಸಿದೆ, ಎ-ಫ್ರೇಮ್ ಹಿಡಿದು ಗೆರೆ ಹಾಕಿದ್ದು ನಾನೇ, ಗೆರೆ ಸರಿಯೇ ಇತ್ತು. ಜುಲೈಯಲ್ಲಿ ಎರಡು ದಿನ ಬಿಡದೆ ಹೊಡೆದ ಮಳೆಗೆ ರಾತ್ರಿ ಮೂರು ಗಂಟೆಗೆ ದೊಡ್ಡ ಶಬ್ದ ಆಯ್ತು. ಬೆಳಗ್ಗೆ ನೋಡಿದ್ರೆ ಕಣಿಯ ಮಧ್ಯ ಭಾಗ ದಿಂಡು ಸಮೇತ ಜಾರಿ ತೋಟಕ್ಕೆ ಬಂದು ಬಿದ್ದಿತ್ತು, 11 ಅಡಿಕೆ ಮರ ಅಡಿಯಾಯ್ತು, ಪಕ್ಕದ ಮನೆಯವರ ಕಣಿಯಲ್ಲಿ ಕೆಸರು ತುಂಬಿ ಅವರ ತೋಟದಲ್ಲೂ ನೀರು ನಿಂತಿತು. ಅವರು ಜಗಳ ಮಾಡ್ಲಿಲ್ಲ, ಆ ಮನೆಯ ಭಾವ ಬಂದು ಹಾರೆ ಹಿಡಿದ್ರು, ಅದೇ ನಂಗೆ ಜಾಸ್ತಿ ನಾಚಿಕೆ.

ಆಮೇಲೆ ಲೆಕ್ಕ ಹಾಕಿದೆ, ಮೊದಲೇ ಹಾಕ್ಬೇಕಿತ್ತು. ನನ್ನ ಕಣಿಯ ಹೊಟ್ಟೆ ಸುಮಾರು 5 ಸಾವಿರ ಲೀಟರ್. ಅದರ ಮೇಲಿನ ಗುಡ್ಡೆ 150 ಅಡಿ ಉದ್ದಕ್ಕೆ ಉಂಟು, ಒಂದು ದಿನ 100 ಮಿಲಿಮೀಟರ್ ಮಳೆ ಬಂದ್ರೆ ಅಷ್ಟು ಜಾಗಕ್ಕೆ ಬೀಳುದು 80 ಸಾವಿರ ಲೀಟರಿಗಿಂತ ಜಾಸ್ತಿ. ತುಂಬಿದ ನೀರು ಹೊರಗೆ ಹೋಗ್ಲಿಕ್ಕೆ ನಾನು ದಾರಿ ಬಿಟ್ಟಿರ್ಲಿಲ್ಲ. ಇಳಿಜಾರು ಅಳೆದ್ರೆ 10 ಅಡಿಗೆ 4 ಅಡಿ ಇಳೀತದೆ, 20 ಡಿಗ್ರಿ ದಾಟಿತು. 15 ಡಿಗ್ರಿಗಿಂತ ಕಡಿದಾದಲ್ಲಿ ಸ್ವೇಲ್ ಬೇಡ ಅಂತ ನನ್ನ ನೋಟ್‌ಬುಕ್ಕಲ್ಲಿ ನನ್ನದೇ ಅಕ್ಷರದಲ್ಲಿ ಉಂಟು! ಕೋರ್ಸಿನವರ ತಪ್ಪು ಅಂತ ನಾನು ಹೇಳುದಿಲ್ಲ. ಆದ್ರೆ ಅಲ್ಲಿಯ ಜಾಗ ಚಾಪೆ ಹಾಸಿದ ಹಾಗೆ, 15 ಡಿಗ್ರಿ ಅಂದ್ರೆ ಕಾಲಿಗೆ ಹೇಗೆ ಗೊತ್ತಾಗ್ತದೆ ಅಂತ ಅಲ್ಲಿ ಕಲೀಲಿಕ್ಕೆ ಸಾಧ್ಯವೇ ಇಲ್ಲ. ನಮ್ಮಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿಗೆ ಬಿಳಿ ಶೇಡಿ ಮಣ್ಣು, ನೀರು ಕುಡಿದ್ರೆ ಅದು ಸಾಬೂನಿನ ಹಾಗೆ. 2024ರ ಜುಲೈ 30ಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಸುದ್ದಿ ಬಂತು. ಅಲ್ಲಿಯ ಕಾರಣ ಬೇರೆ, ನನ್ನ ಕಣಿಗೂ ಅದಕ್ಕೂ ಹೋಲಿಕೆ ಇಲ್ಲ, ಆದ್ರೆ ಟಿವಿ ನೋಡಿ ನಾನು ಮರುದಿನವೇ ಉಳಿದ ಕಣಿಯನ್ನೂ ಮುಚ್ಚಿಸಿದೆ.

ಈಗ ಯೂಟ್ಯೂಬ್ ನೋಡಿ ಜೆಸಿಬಿ ತರಿಸಿ ಗುಡ್ಡೆಗೆ ಅಡ್ಡ ಕಣಿ ತೆಗೆಸುವವರು ನಮ್ಮ ಕಡೆ ಜಾಸ್ತಿ ಆಗಿದ್ದಾರೆ, ಅದಕ್ಕೇ ಇಷ್ಟು ವಿವರ ಬರ್ದದ್ದು. ಮಾಡುವ ಮೊದಲು ಇಳಿಜಾರು ಅಳೀರಿ, ದಯವಿಟ್ಟು.

ಅದು ಸರಿ ಮಾಡ್ಲಿಕ್ಕೆ ಬಂದದ್ದು ನಮ್ಮ ಊರಿನ ಒಬ್ರು ಸುರಂಗ ತೋಡುವವರು, ಪ್ರಾಯ 70 ಹತ್ತಿರ. ಸುರಂಗ ಅಂದ್ರೆ ಹೊರಗಿನವರಿಗೆ ಹೇಳ್ಬೇಕು, ಗುಡ್ಡೆಯ ಬದಿಯಿಂದ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಮುರಕಲ್ಲು ಕೊರೆದು ಅಡ್ಡಕ್ಕೆ ಒಳಗೆ ಹೋಗುದು, ಒರತೆ ಸಿಕ್ಕಿದ್ರೆ ನೀರು ತಾನೇ ಹರಿದು ಹೊರಗೆ ಬರ್ತದೆ, ಪಂಪು ಬೇಡ ಕರೆಂಟು ಬೇಡ. ಅವರು ನಮ್ಮ ಗುಡ್ಡೆ ಇಡೀ ಸುತ್ತಿದ್ರು, ಮರ ನೋಡಿದ್ರು, ಹುತ್ತ ನೋಡಿದ್ರು, ಜರಿದಲ್ಲಿಯ ಮಣ್ಣು ಬೆರಳಲ್ಲಿ ತಿಕ್ಕಿ ನೋಡಿ, "ಅಕ್ಕ, ನೀರಿಗೆ ಹೋಗುವ ದಾರಿ ಮೊದಲು ಮಾಡ್ಬೇಕು, ನಿಲ್ಲಿಸುದು ಮತ್ತೆ" ಅಂದ್ರು. ಉದ್ದ ಕಣಿಯ ಬದಲು ಗೇರು ಮರದ ಬುಡಬುಡಕ್ಕೆ ಸಣ್ಣ ಅರ್ಧಚಂದ್ರದ ಗುಂಡಿ, ಜರಿದಲ್ಲಿ ಕಲ್ಲು ಕಟ್ಟಿ ನೀರು ಇಳೀಲಿಕ್ಕೆ ಮೆಟ್ಟಿಲಿನ ಹಾಗೆ ಒಂದು ದಾರಿ, ಅಡ್ಡಕ್ಕೆ ಲಾವಂಚ ಮತ್ತೆ ಅನಾನಸು ಸಾಲು. ಲಾವಂಚ ನಾನು ಹೇಳಿದ್ದು, ಕೋರ್ಸಲ್ಲಿ ಕಲಿತದ್ದು, ಬೇರು ನೇರ ಕೆಳಗೆ ಹೋಗಿ ಮಣ್ಣು ಹಿಡೀತದೆ ಅಂತ. ಅವರು ಆಗ್ಲಿ ಅಂದ್ರು. ಎರಡು ಮಳೆಗಾಲ ಕಳೆಯಿತು, ಜಾಗ ಅಲ್ಲಾಡ್ಲಿಲ್ಲ. ಅನಾನಸು ಕಾಡುಹಂದಿ ತಿಂದಿತು, ಹಂದಿ ಯಾವ ಝೋನಿಗೆ ಬರ್ತದೆ ಅಂತ ಆಸ್ಟ್ರೇಲಿಯಾದವರು ಬರ್ದಿಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಇಂಥ ಕೋರ್ಸು ಕಾಸರಗೋಡಿನ ಕನ್ನಡದ ಕಡೆ, ಎಣ್ಮಕಜೆಯೋ ಬದಿಯಡ್ಕವೋ ಪೈವಳಿಕೆಯೋ ಎಲ್ಲಾದ್ರೂ ಆಗ್ಲಿ, ಕನ್ನಡದಲ್ಲಿ ಆಗ್ಲಿ. ಇಲ್ಲಿ ಹಿಂದೊಮ್ಮೆ ಒಂದು ಸರ್ಕಾರಿ ತರಬೇತಿಗೆ ಹೋಗಿದ್ದೆ, ಕೊಟ್ಟ ಕಾಗದ ಪೂರ್ತಿ ಮಲಯಾಳದಲ್ಲಿ, ಮಾತಾಡಿದ್ದು ನಂಗೆ ಅರ್ಥ ಆಗ್ತದೆ, ಓದ್ಲಿಕ್ಕೆ ಬರುದಿಲ್ಲ, ನನ್ನ ಹಾಗೇ ಇದ್ದ ಐದಾರು ಹೆಂಗಸರು ಚಾ ಕುಡಿದು ಬಂದೆವು. ತೆಲಂಗಾಣದಲ್ಲಿ ಇಂಗ್ಲಿಷ್ ಪಾಠವನ್ನ ಅಲ್ಲಿಯ ರೈತರಿಗೆ ತೆಲುಗಲ್ಲಿ ಹೇಳ್ತಿದ್ರು, ಅವರು ಕೇಳುವ ಪ್ರಶ್ನೆ ನಮ್ಮ ಸಾಫ್ಟ್‌ವೇರಿನವರ ಪ್ರಶ್ನೆಗಿಂತ ಎಷ್ಟೋ ಚೂಪು ಇತ್ತು.

ಮತ್ತೆ 12 ದಿನ ಒಟ್ಟಿಗೆ ಬೇಡ. ಅಷ್ಟು ದಿನ ಮನೆ ಬಿಡ್ಲಿಕ್ಕೆ ಹಟ್ಟಿಯಲ್ಲಿ ದನ ಇರುವ ಯಾವ ಹೆಂಗಸಿಗೂ ಆಗುದಿಲ್ಲ. ಅದೇ 72 ಗಂಟೆಯನ್ನ ಮೂರು ಭಾಗ ಮಾಡ್ಲಿ. ಡಿಸೆಂಬರ್ ಕೊನೆಗೆ ನಾಲ್ಕು ದಿನ, ಆಗ ತೋಡಿಗೆ ಕಟ್ಟ (ಬೇಸಿಗೆಗೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಕಟ್ಟುವ ಸಮಯ, ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟ ಕಟ್ತಾರಲ್ಲ, ಅಲ್ಲಿ ಒಂದು ದಿನ ಕಲ್ಲು ಮಣ್ಣು ಹೊತ್ರೆ ನಾಲ್ಕು ಕ್ಲಾಸಿನ ವಿದ್ಯೆ. ಏಪ್ರಿಲಲ್ಲಿ ನಾಲ್ಕು ದಿನ, ಬಾವಿ ಬತ್ತಿದಾಗ ಮ್ಯಾಪು ಬರೀಲಿಕ್ಕೆ, ಅಳತೆಗೆ. ಜುಲೈಯಲ್ಲಿ ನಾಲ್ಕು ದಿನ, ಕೊಡೆ ಹಿಡಿದು ಗುಡ್ಡೆಯಲ್ಲಿ ನಿಂತು ನಾವು ಹಾಕಿದ ಬಾಣದ ಗುರ್ತು ಸರಿ ಉಂಟಾ ಅಂತ ನೀರನ್ನೇ ಹಿಂಬಾಲಿಸ್ಲಿಕ್ಕೆ. ಕಾಸರಗೋಡಲ್ಲೇ 1916ರಿಂದ ತೆಂಗಿನ ಸಂಶೋಧನೆ ನಡೆಯುವ ಜಾಗ ಉಂಟು, ಈಗ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಂತ ಹೆಸರು, ತೆಂಗಿನ ಬುಡದಲ್ಲಿ ಮೆಣಸು, ಬಾಳೆ, ಜಾಯಿಕಾಯಿ, ಅನಾನಸು ಎಲ್ಲ ಒಟ್ಟಿಗೆ ಹೇಗೆ ಬೆಳೆಸುದು ಅಂತ ಅವರಲ್ಲಿ ವರ್ಷಗಳ ಕೆಲಸ ಉಂಟು, ಅವರಲ್ಲಿ ಒಬ್ರು ಬಂದ್ರೆ ಒಳ್ಳೇದು. ಆದ್ರೆ ಸುರಂಗದವರನ್ನ, ಕಟ್ಟ ಕಟ್ಟುವವರನ್ನ ಸಮಾರೋಪಕ್ಕೆ ಕರ್ದು ಶಾಲು ಹೊದೆಸಿ ಕಳಿಸುದು ಬೇಡ. ಮಾಸ್ಟ್ರು ಅಂತ ಕರೀಲಿ, ಬೇರೆ ಮಾಸ್ಟ್ರಿಗೆ ಕೊಡುವಷ್ಟೇ ಸಂಬಳ ಕೊಡ್ಲಿ.

ಫೀಸಿನ ವಿಷಯದಲ್ಲಿ ಆ ಹಿರಿಯರು ಹೇಳಿದ್ದು ಪೂರ್ತಿ ಸತ್ಯ, ಅರ್ಧ ಕ್ವಿಂಟಾಲ್ ಅಡಿಕೆ ಎಲ್ಲರ ಹತ್ರ ಇಲ್ಲ. ಪಂಚಾಯತು ಮನಸ್ಸು ಮಾಡಿದ್ರೆ, ಉದ್ಯೋಗ ಖಾತ್ರಿಯಲ್ಲಿ ಗುಡ್ಡೆಯಲ್ಲಿ ಮಳೆಗುಂಡಿ ತೆಗೆಯುವ ಹೆಂಗಸರಿಗೇ ಮೊದಲು ಎ-ಫ್ರೇಮ್ ಕಟ್ಲಿಕ್ಕೆ ಕಲಿಸ್ಬಹುದು, ಗುಂಡಿ ಅವರೇ ತೆಗೆಯುದಲ್ವಾ, ಎಲ್ಲಿ ತೆಗೀಬೇಕು ಅಂತ ಹೇಳುವ ಹಕ್ಕೂ ಅವರಿಗೆ ಇರ್ಲಿ.

ಪತ್ರ ಬರೆದ ಹಿರಿಯರಿಗೆ ಒಂದು ಮಾತು. ನಿಮ್ಮ ಅಜ್ಜನವರು ಎಂತೆಂತ ಮಾಡ್ತಿದ್ರು, ಯಾಕೆ ಮಾಡ್ತಿದ್ರು, ನಿಮ್ಮ ಗುಡ್ಡೆಯಲ್ಲಿ ಮದಕ ಎಲ್ಲಿತ್ತು, ನೆನಪು ಉಂಟಾದ್ರೆ ಇದೇ ಕಾಲಂನಲ್ಲಿ ಬರೀರಿ, ನಾನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸ್ತೇನೆ. ಅತ್ತೆಯ ಹತ್ರ ಕೇಳಿ ನಮ್ಮ ಹಳೇ ಮದಕದ ಜಾಗ ಟ್ರೇಸಿಂಗ್ ಶೀಟಲ್ಲಿ ಗುರ್ತು ಹಾಕಿದ್ದೇನೆ, ರಬ್ಬರಿನವರ ಹತ್ರ ಮಾತಾಡ್ಲಿಕ್ಕೆ ನಮ್ಮವರೇ ಹೋಗ್ತೇನೆ ಅಂದಿದ್ದಾರೆ. ಮುಂದಿನ ಜುಲೈಯಲ್ಲಿ ಜೋರು ಮಳೆ ಇರುವ ಒಂದು ಆದಿತ್ಯವಾರ ಊರಿನ ಏಳೆಂಟು ಹೆಂಗಸರು ಸೇರಿ ನಮ್ಮ ಗುಡ್ಡೆ ನೀರು ನೋಡ್ಲಿಕ್ಕೆ ಹೋಗುದು ಅಂತ ಮಾಡಿದ್ದೇವೆ. ಬರುವವರು ಕೊಡೆ ತನ್ನಿ, ಜಿಗಣೆಗೆ ಉಪ್ಪು ನಾವು ಕೊಡ್ತೇವೆ, ಮಧ್ಯಾಹ್ನಕ್ಕೆ ಗಂಜಿ, ಉಪ್ಪಿನಕಾಯಿ ಉಂಟು.

ಇತಿ,
ಪೆರ್ಲ ಕಡೆಯ ಒಬ್ಬ ಕೃಷಿಕ ಮಹಿಳೆ
(ಹೆಸರು ಹಾಕ್ಬೇಡಿ, ಅಡಿಯಾದ 11 ಅಡಿಕೆ ಮರದ ಲೆಕ್ಕ ನಮ್ಮ ಮಾವನವರಿಗೆ ಇನ್ನೂ ಗೊತ್ತಿಲ್ಲ, ಅವರು ಆರು ಅಂತ ಗ್ರಹಿಸಿದ್ದಾರೆ)